ಒಂದು ಹಗಲಿನಲ್ಲಿ ಇನ್ನೂರೈವತ್ತು ವರ್ಷ

ಮಕ್ಕಳೇ, ಬೇಸಿಗೆ ರಜೆ ಬಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಅಜ್ಜಿಯ ಊರಿಗೆ, ಜಾತ್ರೆಗೆ, ಇಲ್ಲವೇ ಅಪ್ಪ ಅಮ್ಮನ ಜೊತೆ ಜೋಗಕ್ಕೋ ಕಡಲ ತೀರಕ್ಕೋ ಹೋಗಬಹುದು. ಬಿಸಿಲಿನಿಂದ ಸ್ವಲ್ಪ ತಪ್ಪಿಸಿಕೊಂಡರೆ ಸಾಕು ಎನ್ನಿಸುತ್ತದೆ, ಅಲ್ಲವೇ? ಅಮೆರಿಕ, ಕೆನಡಾ ದೇಶಗಳ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ನೇರವಾಗಿ ಚಳಿಯನ್ನೇ ಹುಡುಕಿಕೊಂಡು ಹೊರಡುತ್ತವೆ. ಅವರು ಹೋಗುವ ಜಾಗದ ಹೆಸರು ಅಲಾಸ್ಕ.

ನಿಮ್ಮ ಶಾಲೆಯಲ್ಲಿರುವ ಪ್ರಪಂಚದ ಭೂಪಟವನ್ನು ತೆರೆಯಿರಿ. ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯನ್ನು ನೋಡಿ. ಅಲ್ಲಿದೆ ಅಲಾಸ್ಕ. ಅದರ ಆಗ್ನೇಯ ಭಾಗವು ಬಾಲದ ಹಾಗೆ ಕೆಳಕ್ಕೆ ಇಳಿದಿದೆ. ಆ ಬಾಲದ ತುಂಬ ದ್ವೀಪಗಳು, ಕಿರಿದಾದ ಕಡಲ ಕಾಲುವೆಗಳು, ನೀರಿನಿಂದಲೇ ಎದ್ದು ನಿಂತ ಪರ್ವತಗಳು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸಿಯಾಟಲ್, ವ್ಯಾಂಕೂವರ್ ಮೊದಲಾದ ಬಂದರುಗಳಿಂದ ದೊಡ್ಡ ಪ್ರವಾಸಿ ಹಡಗುಗಳು ಇಲ್ಲಿಗೆ ಬರುತ್ತವೆ. ಪ್ರಯಾಣ ಸಾಮಾನ್ಯವಾಗಿ ಒಂದು ವಾರದ್ದು.

ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಇಂತಹ ಪ್ರವಾಸದ ಮಾತು ಹೇಳಿದರೆ ಮೊದಲು ಮುಖ ಸಪ್ಪಗಾಗಬಹುದು. "ವಾರವಿಡೀ ಹಡಗಿನಲ್ಲಿ ಕುಳಿತು ಬರೀ ಮಂಜುಗಡ್ಡೆ ನೋಡಬೇಕೆ?" ಎಂದು ನೀವೂ ಕೇಳಿಯೇ ಕೇಳುತ್ತೀರಿ. ಆದರೆ ಆ ದಾರಿಯಲ್ಲಿ ಒಂದು ದಿನ ಬರುತ್ತದೆ. ಅಂದು ಹಡಗು ಹಿಮನದಿಗಳ ಕೊಲ್ಲಿಯನ್ನು ಪ್ರವೇಶಿಸುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಗ್ಲೇಸಿಯರ್ ಬೇ ಎನ್ನುತ್ತಾರೆ. ಅಂದು ಬೆಳಗಿನಿಂದ ಮಧ್ಯಾಹ್ನದೊಳಗೆ ಹಡಗಿನಲ್ಲಿರುವವರು ಇನ್ನೂರೈವತ್ತು ವರ್ಷಗಳ ಕಥೆಯನ್ನು ಕಣ್ಣಾರೆ ನೋಡಬಹುದು. ಅದು ಹೇಗೆ? ಬನ್ನಿ, ಮನಸ್ಸಿನಲ್ಲಿಯೇ ನಾವೂ ಆ ಹಡಗು ಹತ್ತೋಣ.

ಹೊರಡುವ ಮುನ್ನ

ಬೇಸಿಗೆಯಲ್ಲೂ ಅಲ್ಲಿನ ಹಗಲಿನ ಉಷ್ಣತೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್. ಹಿಮನದಿಯ ಹತ್ತಿರ ಹೋದರೆ ಗಾಳಿ ಇನ್ನೂ ಕೊರೆಯುತ್ತದೆ. ಅದಕ್ಕೆ ಒಂದೇ ದಪ್ಪ ಬಟ್ಟೆ ಹಾಕಿಕೊಳ್ಳುವ ಬದಲು ಮೂರು ನಾಲ್ಕು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಾರೆ. ಏಕೆಂದು ಗೊತ್ತೆ? ಎರಡು ಬಟ್ಟೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಹಾಗಾಗಿ ಮೈಯ ಶಾಖ ಹೊರಗೆ ಹೋಗದೆ ಉಳಿಯುತ್ತದೆ. ನಮ್ಮ ಕುರಿಗಾಹಿಗಳು ಹೊದೆಯುವ ಕಂಬಳಿ ಬೆಚ್ಚಗಿರುವುದೂ ಇದೇ ಕಾರಣದಿಂದ. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಂತಿರುತ್ತದೆ. ಎಲ್ಲಕ್ಕಿಂತ ಹೊರಗಿನ ಬಟ್ಟೆ ಮಾತ್ರ ಮಳೆ, ಗಾಳಿ ಒಳಗೆ ನುಗ್ಗದಂತೆ ತಡೆಯುವಂಥದ್ದಾಗಿರಬೇಕು.

ಇನ್ನೊಂದು ಸೋಜಿಗವಿದೆ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಸುಮಾರು ಹತ್ತು ಗಂಟೆ! ಭೂಮಿಯ ಅಕ್ಷ ವಾಲಿರುವುದರಿಂದ ಆ ತಿಂಗಳಲ್ಲಿ ಉತ್ತರ ಧ್ರುವದ ಕಡೆ ಸೂರ್ಯನತ್ತ ಬಾಗಿರುತ್ತದೆ. ಉತ್ತರಕ್ಕೆ ಹೋದಷ್ಟೂ ಹಗಲು ಉದ್ದವಾಗುತ್ತದೆ. ಈ ಕೊಲ್ಲಿ ಇರುವುದು ಸುಮಾರು 58ರಿಂದ 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಿಮ್ಮ ಊರು ಎಷ್ಟನೆಯ ಅಕ್ಷಾಂಶದಲ್ಲಿದೆ? ಭೂಪಟ ನೋಡಿ ಹೇಳಿ.

ಹಗ್ಗದ ಏಣಿ ಹತ್ತಿ ಬರುವವರು

ಬೆಳಗ್ಗೆ ಹಡಗು ಕೊಲ್ಲಿಯ ಬಾಯಿಗೆ ಬರುತ್ತದೆ. ಒಂದು ಚಿಕ್ಕ ದೋಣಿ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತದೆ. ದೋಣಿಯಿಂದ ಕೆಲವರು ಹಗ್ಗದ ಏಣಿ ಹಿಡಿದು ಹಡಗಿನ ಪಕ್ಕೆಯನ್ನು ಹತ್ತುತ್ತಾರೆ. ಇವರು ಈ ರಾಷ್ಟ್ರೀಯ ಉದ್ಯಾನದ ರಕ್ಷಕರು. ಅಂದು ದಿನವಿಡೀ ಹಡಗಿನಲ್ಲಿದ್ದು, ಕಾಣುವುದನ್ನೆಲ್ಲ ಜನರಿಗೆ ವಿವರಿಸುವುದು ಅವರ ಕೆಲಸ. ಮಕ್ಕಳಿಗೆಂದೇ ಒಂದು ಚಟುವಟಿಕೆ ಪುಸ್ತಕವಿದೆ. ಅದನ್ನು ನೋಡಿ ತಿಳಿದು ತುಂಬಿಸಿದವರಿಗೆ 'ಕಿರಿಯ ರಕ್ಷಕ' ಎಂಬ ಬಿಲ್ಲೆ ಕೊಡುತ್ತಾರೆ.

ರಕ್ಷಕರ ಜೊತೆ ಹೂನಾ ಟ್ಲಿಂಗಿಟ್ ಜನರೂ ಬರುವುದುಂಟು. ಈ ಕೊಲ್ಲಿ ಅವರ ಪೂರ್ವಿಕರ ಮನೆ. ಬಹಳ ಹಿಂದೆ ಇಲ್ಲಿ ನೀರು ಇರಲಿಲ್ಲ. ಹುಲ್ಲು, ಹೊಳೆ, ಮೀನು ಇದ್ದ ಕಣಿವೆಯಿತ್ತು. ಹಳ್ಳಿಗಳಿದ್ದವು. ನಂತರ ಹವೆ ತಣ್ಣಗಾಗುತ್ತ ಬಂದು ಹಿಮನದಿ ಬೆಳೆಯಿತು. ಓಡುವ ನಾಯಿಯಷ್ಟು ವೇಗವಾಗಿ ಅದು ನುಗ್ಗಿ ಬಂತೆಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಜನ ಹಳ್ಳಿಗಳನ್ನು ಬಿಟ್ಟು ಹೋಗಬೇಕಾಯಿತು. 1750ರ ಸುಮಾರಿಗೆ ಹಿಮನದಿ ಅತ್ಯಂತ ಮುಂದೆ ಬಂದು ನಿಂತಿತ್ತು. 2016ರಲ್ಲಿ ಅದೇ ಜನ ಕೊಲ್ಲಿಯ ದಡದಲ್ಲಿ ತಮ್ಮ ಕುಲದ ದೊಡ್ಡ ಮನೆಯನ್ನು ಮತ್ತೆ ಕಟ್ಟಿದರು.

ನಕ್ಷೆಯಲ್ಲಿ ಇಲ್ಲದಿದ್ದ ಕಡಲು

1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಈ ಕರಾವಳಿಯ ನಕ್ಷೆ ಬರೆಯಲು ಬಂತು. ಆಗ ಇಲ್ಲಿ ಕೊಲ್ಲಿಯೇ ಇರಲಿಲ್ಲ! ಇದ್ದದ್ದು ಸುಮಾರು 8 ಕಿ.ಮೀ. ಆಳದ ಒಂದು ತಗ್ಗು ಮಾತ್ರ. ಅದರ ಹಿಂದೆ ಮಂಜುಗಡ್ಡೆಯ ಮಹಾ ಗೋಡೆ. ಆ ಹಿಮನದಿಯ ದಪ್ಪ ಕೆಲವೆಡೆ ಒಂದು ಕಿಲೋಮೀಟರಿಗೂ ಹೆಚ್ಚಿತ್ತು.

1879ರಲ್ಲಿ ಜಾನ್ ಮ್ಯೂರ್ ಎಂಬ ನಿಸರ್ಗಪ್ರೇಮಿ ದೋಣಿಯಲ್ಲಿ ಬಂದ. ಜೊತೆಗೆ ಟ್ಲಿಂಗಿಟ್ ಜನರು ದಾರಿ ತೋರಿಸಲು ಬಂದಿದ್ದರು. ಅಷ್ಟರಲ್ಲಿ ಮಂಜುಗಡ್ಡೆ 48 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ ಅದು ಸುಮಾರು 97 ಕಿ.ಮೀ. ಹಿಂದೆ ಹೋಗಿತ್ತು. ಇಂದು ಕೊಲ್ಲಿಯ ಉದ್ದ ಸುಮಾರು 105 ಕಿ.ಮೀ. ಅಂದರೆ ಹಡಗು ಈಗ ತೇಲುತ್ತಿರುವ ಜಾಗದಲ್ಲಿ ಅಂದು ಗಟ್ಟಿ ಮಂಜುಗಡ್ಡೆ ತುಂಬಿತ್ತು.

ಈಗ ಸ್ವಲ್ಪ ಯೋಚಿಸಿ. ಮಂಜುಗಡ್ಡೆ ಕೊಲ್ಲಿಯ ಬಾಯಿಯಿಂದ ಒಳಗೆ ಒಳಗೆ ಸರಿಯಿತು. ಹಾಗಾದರೆ ಬಾಯಿಯ ಹತ್ತಿರದ ನೆಲ ಮೊದಲು ಹೊರಬಂತು. ಒಳಗಿನ ನೆಲ ಆಮೇಲೆ ಹೊರಬಂತು. ತೀರಾ ಒಳಗಿನದು ಮೊನ್ನೆ ಮೊನ್ನೆ ಹೊರಬಂದದ್ದು. ಹಡಗು ಒಂದೊಂದು ಗಂಟೆ ಮುಂದೆ ಹೋದಂತೆ ನಾವು ಹತ್ತಾರು ವರ್ಷ ಎಳೆಯದಾದ ನೆಲವನ್ನು ನೋಡುತ್ತೇವೆ. ಮೊದಲು ಅಜ್ಜ, ಆಮೇಲೆ ಅಪ್ಪ, ಕೊನೆಗೆ ತೊಟ್ಟಿಲ ಮಗು, ಹೀಗೆ ಒಂದೇ ಸಾಲಿನಲ್ಲಿ ಕುಳಿತ ಹಾಗೆ. ಆ ಒಂದು ದಿನದ ಗುಟ್ಟು ಇದೇ.

ಬರಿಗಲ್ಲಿನಿಂದ ಕಾಡಿನವರೆಗೆ

ಕೊಲ್ಲಿಯ ಬಾಯಿಯ ಹತ್ತಿರ ದಟ್ಟ ಕಾಡು. ಎತ್ತರದ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳು. ಅವುಗಳ ಕೆಳಗೆ ಮೆತ್ತನೆ ಪಾಚಿಯ ಹಾಸು. ಕೆಲವು ಗಂಟೆಗಳ ನಂತರ ಮರಗಳು ಕುಳ್ಳಾಗುತ್ತವೆ. ಆಲ್ಡರ್ ಎಂಬ ಪೊದೆಗಳೇ ಹೆಚ್ಚಾಗಿ ಕಾಣುತ್ತವೆ. ಇನ್ನೂ ಮುಂದೆ ನೆಲಕ್ಕೆ ಅಂಟಿ ಹಬ್ಬುವ ಡ್ರಯಾಸ್ ಎಂಬ ಪುಟ್ಟ ಗಿಡಗಳು. ಕೊನೆಗೆ ಅಲ್ಲಲ್ಲಿ ಕಲ್ಲುಹೂವು, ಪಾಚಿ ಬಿಟ್ಟರೆ ಬರೀ ಬೋಳು ಬಂಡೆ.

ಬೋಳು ಬಂಡೆಯ ಮೇಲೆ ಕಾಡು ಹೇಗೆ ಬೆಳೆಯುತ್ತದೆ? ಅಲ್ಲಿ ಮಣ್ಣಿಲ್ಲ. ಸಸ್ಯಗಳಿಗೆ ಅತ್ಯಗತ್ಯವಾದ ಸಾರಜನಕವೂ ಹೆಚ್ಚುಕಡಿಮೆ ಇಲ್ಲ. ಗಾಳಿಯಲ್ಲಿ ಸಾರಜನಕ ತುಂಬಿದ್ದರೂ ಸಸ್ಯಗಳು ಅದನ್ನು ನೇರವಾಗಿ ಬಳಸಲಾರವು. ಇಲ್ಲಿ ಡ್ರಯಾಸ್ ಮತ್ತು ಆಲ್ಡರ್ ನೆರವಿಗೆ ಬರುತ್ತವೆ. ಅವುಗಳ ಬೇರಿನ ಗಂಟುಗಳಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಇವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡದ ಎಲೆ ಉದುರಿ ಕೊಳೆತಾಗ ಆ ಸಾರಜನಕ ನೆಲಕ್ಕೆ ಸೇರುತ್ತದೆ. ನೆಲ ಫಲವತ್ತಾಗುತ್ತದೆ. ಆಮೇಲೆ ದೊಡ್ಡ ಮರಗಳು ಬರುತ್ತವೆ.

ಇದನ್ನು ನೋಡಲು ಅಲಾಸ್ಕಕ್ಕೇ ಹೋಗಬೇಕಿಲ್ಲ. ಒಂದು ಹುರುಳಿ ಇಲ್ಲವೇ ಕಡಲೆಕಾಯಿ ಗಿಡವನ್ನು ಬೇರುಸಹಿತ ಮೆಲ್ಲಗೆ ಕಿತ್ತು ತೊಳೆದು ನೋಡಿ. ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವುದು ರೈಜೋಬಿಯಂ ಬ್ಯಾಕ್ಟೀರಿಯ. ಆಲ್ಡರ್ ಗಿಡದಲ್ಲಿರುವುದು ಫ್ರಾಂಕಿಯ ಎಂಬ ಬೇರೆ ಜಾತಿ. ಈ ಫ್ರಾಂಕಿಯ ನಮ್ಮಲ್ಲೂ ಉಂಟು. ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟಿರುವ ಗಾಳಿಮರಗಳ ಬೇರಿನಲ್ಲಿ ಅದು ವಾಸಿಸುತ್ತದೆ. ಬಡ ಮರಳಿನಲ್ಲೂ ಗಾಳಿಮರ ಹಸಿರಾಗಿ ಬೆಳೆಯಲು ಅದೂ ಒಂದು ಕಾರಣ.

1916ರಲ್ಲಿ ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ ಇಲ್ಲಿಗೆ ಬಂದು, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಕೆಲವು ಚೌಕಗಳನ್ನು ನೆಲದಲ್ಲಿ ಗುರುತು ಮಾಡಿದ. ಪ್ರತಿ ಚೌಕದಲ್ಲಿ ಯಾವ ಗಿಡ ಎಲ್ಲಿದೆ ಎಂದು ಬರೆದಿಟ್ಟ. ಮತ್ತೆ ಮತ್ತೆ ಬಂದು ನೋಡಿದ. ಇಂತಹ ಜಾಗ ಉಳಿಯಬೇಕು ಎಂದು ಅವನೂ ಅವನ ಗೆಳೆಯರೂ ಒತ್ತಾಯಿಸಿದ್ದರಿಂದ 1925ರಲ್ಲಿ ಸರ್ಕಾರ ಇದನ್ನು ರಕ್ಷಿತ ಪ್ರದೇಶವೆಂದು ಸಾರಿತು. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೂಪರ್ ಗುರುತಿಸಿದ ಚೌಕಗಳನ್ನು ನೂರು ವರ್ಷಗಳ ನಂತರ ವಿಜ್ಞಾನಿಗಳು ಹುಡುಕಿ ಮತ್ತೆ ಅಳೆದಿದ್ದಾರೆ. ಎಲ್ಲ ಕಡೆಯೂ ಗಿಡಗಳು ಒಂದೇ ಕ್ರಮದಲ್ಲಿ ಬರುವುದಿಲ್ಲ, ಬೀಜ ಎಲ್ಲಿಂದ ಬಂತು, ಯಾವುದು ಮೊದಲು ಬೇರೂರಿತು ಎಂಬುದೂ ಮುಖ್ಯ ಎಂದು ಇಂತಹ ಅಧ್ಯಯನಗಳಿಂದ ತಿಳಿಯಿತು.

ಮೇಲೇಳುತ್ತಿರುವ ನೆಲ

ಹತ್ತಿಯ ಹಾಸಿಗೆಯ ಮೇಲೆ ಕುಳಿತು ಎದ್ದರೆ ತಗ್ಗಾದ ಜಾಗ ನಿಧಾನವಾಗಿ ಉಬ್ಬುತ್ತದೆ. ಇಲ್ಲಿಯೂ ಹಾಗೆಯೇ ಆಗುತ್ತಿದೆ. ಅಷ್ಟು ದಪ್ಪದ ಮಂಜುಗಡ್ಡೆಯ ಭಾರಕ್ಕೆ ನೆಲ ಕುಸಿದಿತ್ತು. ಭಾರ ಹೋದ ಮೇಲೆ ಈಗ ನೆಲ ಮೇಲೇಳುತ್ತಿದೆ. ಕೊಲ್ಲಿಯ ಬಾಯಿಯ ಬಳಿ ಗಸ್ಟೇವಸ್ ಎಂಬ ಪುಟ್ಟ ಊರಿದೆ. ಅಲ್ಲಿ ನೆಲ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್ ಏರುತ್ತಿದೆ. ನೀವು ಹುಟ್ಟಿದಾಗಿನಿಂದ ಈವರೆಗೆ ಆ ಊರು ಎಷ್ಟು ಎತ್ತರವಾಗಿರಬಹುದು? ನಿಮ್ಮ ವಯಸ್ಸನ್ನು ಮೂರರಿಂದ ಗುಣಿಸಿ ನೋಡಿ.

ತಿಮಿಂಗಿಲದ ದಾರಿಯಲ್ಲಿ

ಹಡಗು ಹೋಗುವಾಗ ದೂರದ ನೀರಿನಲ್ಲಿ ಹಬೆಯಂತಹ ಕಾರಂಜಿ ಚಿಮ್ಮಿದರೆ ಅದು ಗೂನುಬೆನ್ನಿನ ತಿಮಿಂಗಿಲದ ಉಸಿರು! ತಿಮಿಂಗಿಲ ಮೀನಲ್ಲ, ಸಸ್ತನಿ. ಉಸಿರಾಡಲು ಮೇಲೆ ಬರಲೇಬೇಕು. ಈ ತಿಮಿಂಗಿಲಗಳಲ್ಲಿ ಹೆಚ್ಚಿನವು ಚಳಿಗಾಲವನ್ನು ಹವಾಯಿ ದ್ವೀಪಗಳ ಬೆಚ್ಚನೆ ನೀರಿನಲ್ಲಿ ಕಳೆಯುತ್ತವೆ. ಅಲ್ಲಿ ಮರಿ ಹಾಕುತ್ತವೆ. ಬೇಸಿಗೆಯಲ್ಲಿ ಸಾವಿರಾರು ಕಿಲೋಮೀಟರ್ ಈಜಿ ಇಲ್ಲಿಗೆ ಬಂದು ಸಣ್ಣ ಮೀನುಗಳನ್ನು ಹೊಟ್ಟೆ ತುಂಬ ತಿನ್ನುತ್ತವೆ.

2001ರಲ್ಲಿ ಒಂದು ದುಃಖದ ಘಟನೆ ನಡೆಯಿತು. ವಿಜ್ಞಾನಿಗಳು 'ಸ್ನೋ' ಎಂದು ಕರೆಯುತ್ತಿದ್ದ ಹೆಣ್ಣು ತಿಮಿಂಗಿಲ ಪ್ರವಾಸಿ ಹಡಗೊಂದಕ್ಕೆ ಸಿಕ್ಕಿ ಸತ್ತಿತು. ಅದು ಗರ್ಭಿಣಿಯಾಗಿತ್ತು. ಸುಮಾರು 14 ಮೀಟರ್ ಉದ್ದದ ಅದರ ಅಸ್ಥಿಪಂಜರವನ್ನು 2014ರಿಂದ ಕೊಲ್ಲಿಯ ದಡದಲ್ಲಿ ಇಟ್ಟಿದ್ದಾರೆ. ನೋಡಲು ಬಂದವರಿಂದಲೇ ಅಪಾಯ ಬರಬಹುದು ಎಂಬುದನ್ನು ಅದು ನೆನಪಿಸುತ್ತದೆ. ಆದ್ದರಿಂದಲೇ ಇಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಪ್ರವಾಸಿ ಹಡಗುಗಳನ್ನು ಕೊಲ್ಲಿಯೊಳಗೆ ಬಿಡುವುದಿಲ್ಲ. ತಿಮಿಂಗಿಲಗಳು ಹೆಚ್ಚಾಗಿರುವ ಕಡೆ ಹಡಗಿನ ವೇಗವನ್ನು 13 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 24 ಕಿ.ಮೀ.ಗೆ ಇಳಿಸಬೇಕಾಗುತ್ತದೆ. ಸೀಲ್‌ಗಳು ತೇಲುವ ಮಂಜುಗಡ್ಡೆಗಳ ಮೇಲೆ ಮರಿ ಹಾಕುವ ಕಾಲದಲ್ಲಿ ಆ ಕಡೆಗೆ ಹಡಗುಗಳು ಹೋಗುವಂತಿಲ್ಲ.

ಹಡಗಿನ ಸದ್ದೂ ತಿಮಿಂಗಿಲಗಳಿಗೆ ತೊಂದರೆಯೇ. ಅವು ನೀರಿನೊಳಗೆ ಸದ್ದಿನಿಂದಲೇ ಒಂದಕ್ಕೊಂದು ಸಂಕೇತ ಕೊಡುತ್ತವೆ. 2020ರಲ್ಲಿ ಕೊರೊನಾ ರೋಗದಿಂದಾಗಿ ದೊಡ್ಡ ಹಡಗುಗಳು ಬರಲಿಲ್ಲ. ಆ ವರ್ಷ ಕೊಲ್ಲಿಯ ನೀರಿನೊಳಗೆ ಇಟ್ಟಿದ್ದ ಧ್ವನಿಗ್ರಾಹಕಗಳಲ್ಲಿ ಎಂದಿಗಿಂತ ಕಡಿಮೆ ಗದ್ದಲ ದಾಖಲಾಯಿತು.

ನೀಲಿ ಗೋಡೆಯ ಮುಂದೆ

ನೀರಿನ ಬಣ್ಣ ಈಗ ಹಾಲು ಬೆರೆಸಿದ ಹಾಗೆ ಆಗಿದೆ. ಹಿಮನದಿಯು ತನ್ನ ಅಡಿಯಲ್ಲಿರುವ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತದೆ. ಆ ನುಣುಪಾದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತಿದೆ. ಹಡಗು ನಿಧಾನವಾಗಿ ಬಂದು ನಿಲ್ಲುತ್ತದೆ. ಎದುರಿಗೆ ಮಾರ್ಜರಿ ಹಿಮನದಿ. ಅದರ ಉದ್ದ ಸುಮಾರು 34 ಕಿ.ಮೀ. ಅಗಲ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ನೀರಿನ ಮೇಲೆ ಕಾಣುವ ಗೋಡೆಯ ಎತ್ತರ ಸುಮಾರು 75 ಮೀಟರ್. ಶ್ರವಣಬೆಳಗೊಳದ ನಾಲ್ಕು ಗೊಮ್ಮಟ ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿ ಮುಟ್ಟುವುದು ಕಷ್ಟ!

ಅಷ್ಟು ಮಂಜುಗಡ್ಡೆ ಎಲ್ಲಿಂದ ಬಂತು? ಪೆಸಿಫಿಕ್ ಸಾಗರದ ತೇವಭರಿತ ಗಾಳಿ ಫೇರ್‌ವೆದರ್ ಪರ್ವತಗಳಿಗೆ ಬಡಿದು ಮೇಲೇರುತ್ತದೆ. ಆ ಸಾಲಿನ ಅತಿ ಎತ್ತರದ ಶಿಖರ 4671 ಮೀಟರ್. ಮೇಲೇರಿದ ಗಾಳಿ ತಣ್ಣಗಾಗಿ ತೇವವನ್ನೆಲ್ಲ ಸುರಿಸುತ್ತದೆ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಮಳೆ ಸುರಿಸುವುದೂ ಹೀಗೆಯೇ. ಅಲ್ಲಿ ಚಳಿ ಹೆಚ್ಚಾದ್ದರಿಂದ ಮಳೆಯ ಬದಲು ಹಿಮ ಬೀಳುತ್ತದೆ. ಹಿಮದ ಮೇಲೆ ಹಿಮ ಬಿದ್ದು, ಕೆಳಗಿನ ಪದರಗಳು ಒತ್ತಡಕ್ಕೆ ಸಿಕ್ಕಿ, ನಡುವಿನ ಗಾಳಿ ಹೊರಹೋಗಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಇದಕ್ಕೆ ಹತ್ತಾರು ವರ್ಷ ಬೇಕು. ಈ ಗಟ್ಟಿ ಮಂಜುಗಡ್ಡೆ ತನ್ನದೇ ಭಾರಕ್ಕೆ, ಪಾತ್ರೆಯಿಂದ ಬಗ್ಗಿಸಿದ ದಪ್ಪ ಬೆಲ್ಲದ ಪಾಕದ ಹಾಗೆ, ಇಳಿಜಾರಿನಲ್ಲಿ ಬಹಳ ಮೆಲ್ಲಗೆ ಹರಿಯುತ್ತದೆ. ಆದ್ದರಿಂದಲೇ ಅದಕ್ಕೆ ಹಿಮನದಿ ಎಂಬ ಹೆಸರು.

ಗೋಡೆ ನೀಲಿಯಾಗಿ ಕಾಣುವುದೇಕೆ? ಕಲ್ಲುಸಕ್ಕರೆಯ ಹರಳು ಪಾರದರ್ಶಕ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದೆ. ಪುಡಿಯ ಸಾವಿರಾರು ಮುಖಗಳು ಬೆಳಕನ್ನು ಎಲ್ಲ ಕಡೆಗೆ ಚದರಿಸುವುದೇ ಕಾರಣ. ಹೊಸ ಹಿಮ ಬೆಳ್ಳಗಿರುವುದೂ ಹೀಗೆಯೇ. ಒತ್ತಡದಿಂದ ಗಟ್ಟಿಯಾದ ಹಳೆಯ ಮಂಜುಗಡ್ಡೆಯೊಳಗೆ ಬೆಳಕು ಬಹಳ ದೂರ ಹೋಗುತ್ತದೆ. ದಾರಿಯಲ್ಲಿ ಬೆಳಕಿನ ಕೆಂಪು ಭಾಗವನ್ನು ಮಂಜುಗಡ್ಡೆ ಹೀರಿಕೊಳ್ಳುತ್ತದೆ. ಉಳಿದು ಹೊರಬರುವುದು ನೀಲಿ.

ಬಿಳಿ ಗುಡುಗು

ಎಲ್ಲರೂ ಸುಮ್ಮನೆ ನಿಂತು ಕಾಯುತ್ತಾರೆ. ಇದ್ದಕ್ಕಿದ್ದಂತೆ ಗೋಡೆಯ ಒಂದು ದೊಡ್ಡ ಹೋಳು ಕಳಚಿ ನೀರಿಗೆ ಬೀಳುತ್ತದೆ. ನೀರು ಮೇಲಕ್ಕೆ ಚಿಮ್ಮುತ್ತದೆ. ಸದ್ದು ಮಾತ್ರ ಇನ್ನೂ ಇಲ್ಲ! ಸ್ವಲ್ಪ ಹೊತ್ತಿನ ಮೇಲೆ 'ಧಡ್' ಎಂದು ಗುಡುಗಿದಂತೆ ಕೇಳುತ್ತದೆ. ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಎನ್ನುತ್ತಾರೆ. ಬೆಳಕು ಕ್ಷಣಾರ್ಧದಲ್ಲಿ ಬರುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 330 ಮೀಟರ್ ಮಾತ್ರ ಸಾಗುತ್ತದೆ. ಬಿದ್ದದ್ದು ಕಂಡ ಮೂರು ಸೆಕೆಂಡಿನ ನಂತರ ಸದ್ದು ಕೇಳಿದರೆ ಗೋಡೆ ಸುಮಾರು ಒಂದು ಕಿಲೋಮೀಟರ್ ದೂರವಿದೆ ಎಂದು ಅರ್ಥ.

*ಮಾಡಿ ನೋಡಿ:* ದೊಡ್ಡ ಮೈದಾನದ ಒಂದು ತುದಿಯಲ್ಲಿ ನಿಮ್ಮ ಗೆಳೆಯ ಸ್ಟೀಲ್ ತಟ್ಟೆಯನ್ನು ಕೋಲಿನಿಂದ ಹೊಡೆಯಲಿ. ನೀವು ಇನ್ನೂರು ಮೀಟರ್ ದೂರದಲ್ಲಿ ನಿಂತು ನೋಡಿ. ಕೋಲು ತಟ್ಟೆಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ.

ಬಿದ್ದ ಹೋಳುಗಳು ತೇಲುತ್ತ ಹಡಗಿನ ಪಕ್ಕಕ್ಕೆ ಬರುತ್ತವೆ. ಮಂಜುಗಡ್ಡೆಯ ಸಾಂದ್ರತೆ ಸಮುದ್ರದ ನೀರಿನ ಸಾಂದ್ರತೆಗಿಂತ ಸ್ವಲ್ಪವೇ ಕಡಿಮೆ. ಹಾಗಾಗಿ ಹತ್ತರಲ್ಲಿ ಒಂಬತ್ತು ಪಾಲು ಮುಳುಗಿ ಒಂದು ಪಾಲು ಮಾತ್ರ ಮೇಲೆ ಕಾಣುತ್ತದೆ. ಕಿವಿಗೊಟ್ಟು ಕೇಳಿದರೆ ಅವುಗಳಿಂದ ಚಟಪಟ ಸದ್ದು ಬರುತ್ತದೆ. ಬಹಳ ವರ್ಷಗಳ ಹಿಂದೆ ಹಿಮದಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗಳು ಈಗ ಒಡೆದು ಬಿಡುಗಡೆಯಾಗುತ್ತಿವೆ!

ಹಿಮನದಿ ಹಿಂದೆ ಸರಿದದ್ದು ಯಾರಿಂದ?

ಇದು ಎಚ್ಚರಿಕೆಯಿಂದ ಉತ್ತರಿಸಬೇಕಾದ ಪ್ರಶ್ನೆ. 1750ರ ನಂತರ ಈ ಕೊಲ್ಲಿಯ ಮಂಜುಗಡ್ಡೆ ಸರಿಯಲು ತೊಡಗಿದಾಗ ಕಾರ್ಖಾನೆಗಳ ಹೊಗೆ ಇನ್ನೂ ಹೆಚ್ಚಿರಲಿಲ್ಲ. ಶತಮಾನಗಳ ಕಾಲ ಇದ್ದ ಒಂದು ಚಳಿಯ ಅವಧಿ ಮುಗಿಯುತ್ತ ಬಂದಿತ್ತು. ಆಳವಾದ ಕಡಲ ನೀರಿಗೆ ಕಾಲಿಟ್ಟ ಹಿಮನದಿ ಒಮ್ಮೆ ಹಿಂದೆ ಸರಿಯಲು ಆರಂಭಿಸಿದರೆ ಬೇಗ ಬೇಗ ಒಡೆಯುತ್ತದೆ. ಆದ್ದರಿಂದ ಹಳೆಯ ಸರಿಯುವಿಕೆಯ ಬಹುಪಾಲು ನೈಸರ್ಗಿಕ.

ಆದರೆ ಈಗ ನಡೆಯುತ್ತಿರುವುದು ಬೇರೆ. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದ್ದರಿಂದ ಇಂದು ಅದು 420ಕ್ಕೂ ಹೆಚ್ಚಾಗಿದೆ. ಈ ಅನಿಲ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಅಲಾಸ್ಕದ ಒಂದೆರಡು ಹಿಮನದಿಗಳಲ್ಲ, ಹೆಚ್ಚುಕಡಿಮೆ ಎಲ್ಲವೂ ತೆಳ್ಳಗಾಗುತ್ತಿವೆ. ಹಿಮಾಲಯದ್ದೂ, ಆಲ್ಪ್ಸ್ ಪರ್ವತಗಳದ್ದೂ ಇದೇ ಕಥೆ. ಒಂದೇ ಕಾಲದಲ್ಲಿ ಎಲ್ಲ ಕಡೆಯೂ ಕರಗುತ್ತಿರುವುದೇ ದೊಡ್ಡ ಸುಳಿವು. ಆದ್ದರಿಂದಲೇ ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಆಚರಿಸಿತು. ಪ್ರತಿ ವರ್ಷ ಮಾರ್ಚ್ 21 ಹಿಮನದಿಗಳ ದಿನ.

ಮಂಜುಗಡ್ಡೆ ಹೋದರೆ ಇನ್ನೊಂದು ಅಪಾಯವೂ ಉಂಟು. ಕಡಿದಾದ ಬೆಟ್ಟಕ್ಕೆ ಒತ್ತಿಕೊಂಡಿದ್ದ ಹಿಮನದಿ ಸರಿದುಹೋದರೆ ಆ ಬೆಟ್ಟಕ್ಕೆ ಆಸರೆ ತಪ್ಪುತ್ತದೆ. 2025ರ ಆಗಸ್ಟ್ 10ರ ಮುಂಜಾನೆ ಇದೇ ಅಲಾಸ್ಕದ ಟ್ರೇಸಿ ಆರ್ಮ್ ಎಂಬ ಕಿರಿದಾದ ಕಡಲ ಕಣಿವೆಯಲ್ಲಿ, ಹಿಮನದಿಯ ಮೂತಿಯ ಹತ್ತಿರವೇ ಬೆಟ್ಟದ ದೊಡ್ಡ ಭಾಗ ಕುಸಿದು ನೀರಿಗೆ ಬಿತ್ತು. ನೀರು ಎದುರು ದಡದ ಬೆಟ್ಟವನ್ನು ನೂರಾರು ಮೀಟರ್ ಎತ್ತರದವರೆಗೆ ಏರಿ ಮರಗಿಡಗಳನ್ನು ಕೊಚ್ಚಿಕೊಂಡು ಹೋಯಿತು. ಪ್ರವಾಸಿ ಹಡಗುಗಳು ಹೋಗಿ ಬರುತ್ತಿದ್ದ ದಾರಿಯದು. ಅದೃಷ್ಟಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಇಂತಹ ಇಳಿಜಾರುಗಳನ್ನು ಮುಂಚೆಯೇ ಗುರುತಿಸಿ ಎಚ್ಚರಿಕೆ ಕೊಡುವುದು ಹೇಗೆ ಎಂದು ವಿಜ್ಞಾನಿಗಳು ಅಧ್ಯಯನ ಮಾಡುತ್ತಿದ್ದಾರೆ.

ನಮ್ಮ ಕಡಲಿಗೂ ಸಂಬಂಧ ಉಂಟೆ?

*ಮಾಡಿ ನೋಡಿ:* ಎರಡು ಗಾಜಿನ ಲೋಟಗಳಿಗೆ ಅರ್ಧದಷ್ಟು ನೀರು ಹಾಕಿ. ಒಂದರಲ್ಲಿ ಐಸ್ ತುಂಡನ್ನು ತೇಲಿಬಿಡಿ. ಇನ್ನೊಂದರಲ್ಲಿ ನೀರಿನಿಂದ ಮೇಲೆ ಬರುವಷ್ಟು ದೊಡ್ಡ ಕಲ್ಲನ್ನಿಟ್ಟು, ಅಷ್ಟೇ ದೊಡ್ಡ ಐಸ್ ತುಂಡನ್ನು ಆ ಕಲ್ಲಿನ ಮೇಲಿಡಿ. ಐಸ್ ನೀರಿಗೆ ತಾಗದಿರಲಿ. ಎರಡೂ ಲೋಟಗಳಲ್ಲಿ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಐಸ್ ಪೂರ್ತಿ ಕರಗಿದ ಮೇಲೆ ಮತ್ತೆ ನೋಡಿ.

ತೇಲುತ್ತಿದ್ದ ಐಸ್ ಕರಗಿದರೂ ಮಟ್ಟ ಬದಲಾಗಲಿಲ್ಲ. ಕಲ್ಲಿನ ಮೇಲಿದ್ದ ಐಸ್ ಕರಗಿದಾಗ ಮಟ್ಟ ಏರಿತು, ಅಲ್ಲವೇ? ನೆಲದ ಮೇಲೆ ಕುಳಿತಿರುವ ಹಿಮನದಿ ಕರಗಿದರೂ ಹೀಗೆಯೇ ಆಗುತ್ತದೆ. ಜಗತ್ತಿನ ಸಾಗರಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಅಲಾಸ್ಕದ ಬೆಟ್ಟದ ಮೇಲಿದ್ದ ನೀರು ಕಡಲಿಗೆ ಸೇರಿದರೆ ಅದರ ಒಂದು ಪಾಲು ಕಾರವಾರದ, ಉಡುಪಿಯ, ಮಂಗಳೂರಿನ ಕಡಲಿಗೂ ಬರುತ್ತದೆ.

ಹಾಗಾದರೆ ಇಂತಹ ಪ್ರವಾಸವೇ ಬೇಡವೇ? ಹಡಗೂ ಇಂಧನ ಉರಿಸುತ್ತದೆ, ಅದರಿಂದಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕರಗುವ ಹಿಮನದಿಯನ್ನು ನೋಡಲು ಹೋದವರೇ ಅದು ಕರಗಲು ಅಷ್ಟಿಷ್ಟು ಕಾರಣರಾಗುತ್ತಾರೆ. ಇನ್ನೊಂದು ಕಡೆ, ಕಣ್ಣಾರೆ ಕಂಡ ಮಕ್ಕಳು ಅದನ್ನು ಮರೆಯುವುದಿಲ್ಲ. ಹಡಗುಗಳ ಸಂಖ್ಯೆಗೆ ಮಿತಿ, ವೇಗಕ್ಕೆ ಮಿತಿ, ಹೋಗಬಾರದ ಕಾಲಕ್ಕೆ ಬೇಲಿ, ಇವೆಲ್ಲ ಇದಕ್ಕೆ ಕಂಡುಕೊಂಡ ದಾರಿಗಳು. ಅವು ಸಾಕೆ? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚೆ ಮಾಡಿ.

ನಿಮ್ಮದೂ ಒಂದು ಚೌಕ

ಕೂಪರ್ ಮಾಡಿದ ಕೆಲಸಕ್ಕೆ ಹಡಗು ಬೇಕಿಲ್ಲ, ಹಿಮವೂ ಬೇಕಿಲ್ಲ. ನಿಮ್ಮ ಶಾಲೆಯ ಹಿಂದೆ, ಇಲ್ಲವೇ ಹೊಸದಾಗಿ ಮಣ್ಣು ತೆಗೆದ ಕಡೆ, ಯಾರೂ ಓಡಾಡದ ಒಂದು ಜಾಗ ಆರಿಸಿ. ಶಿಕ್ಷಕರ ಅನುಮತಿ ಪಡೆದು ನಾಲ್ಕು ಗೂಟ ಹೊಡೆದು ದಾರ ಕಟ್ಟಿ, ಒಂದು ಮೀಟರ್ ಚೌಕ ಮಾಡಿ. ಅದರಲ್ಲಿ ಇರುವ ಹುಲ್ಲು, ಗಿಡಗಳನ್ನು ಎಣಿಸಿ ಚಿತ್ರ ಬರೆಯಿರಿ. ಮೊದಲ ಮಳೆ ಬಿದ್ದ ಮೇಲೆ ಪ್ರತಿ ತಿಂಗಳೂ ಒಂದೇ ದಿನ ನೋಡಿ ಬರೆದಿಡಿ. ಮೊದಲು ಬಂದದ್ದು ಯಾವುದು? ಬೇರಿನಲ್ಲಿ ಗಂಟುಗಳಿರುವ ಗಿಡ ಯಾವುದಾದರೂ ಇದೆಯೇ? ಯಾವುದು ಬಂದ ಮೇಲೆ ಯಾವುದು ಮಾಯವಾಯಿತು?

ನೀವು ಏಳನೆಯ ತರಗತಿ ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಆರನೆಯ ತರಗತಿಯ ಮಕ್ಕಳ ಕೈಗೆ ಕೊಡಿ. ಗೂಟಗಳು ಎಲ್ಲಿವೆ ಎಂದು ತೋರಿಸಿ. 1916ರ ಚೌಕಗಳನ್ನು ನೂರು ವರ್ಷಗಳ ನಂತರ ಹುಡುಕಲು ಸಾಧ್ಯವಾದದ್ದು ಯಾರೋ ಸರಿಯಾಗಿ ಬರೆದಿಟ್ಟಿದ್ದರಿಂದ ತಾನೇ?